ಮಿಲಿಟರಿ ಲಾರಿಯ ಗೇರ್‌ಬಾಕ್ಸ್: ಕೆಳಗಿಳಿಸುವ ಮೊದಲು

ಮಳೆ ಹಿಂದಾಗಿ ಕಾಫಿ ಕೊಯ್ಲಿಗೆ ಇನ್ನೇನು ತಿಂಗಳಿದೆ ಅನ್ನುವಾಗ ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಶೆಡ್ಡಿನ ಬಾಗಿಲು ತೆಗೆಯುತ್ತಾರೆ. ಜೂನ್‌ನಿಂದ ನಿಂತಿದ್ದ ಹಳೆಯ ಲಾರಿಗೆ ಬ್ಯಾಟರಿ ಕಟ್ಟಿ ಸ್ಟಾರ್ಟ್ ಮಾಡುತ್ತಾರೆ. ಇಂಜಿನ್ ಹಿಡಿಯುತ್ತದೆ, ಗೇರ್ ಮಾತ್ರ ಬೀಳುವುದಿಲ್ಲ. ಸಂಜೆಗೆ ಫೋನ್ ಬರುತ್ತದೆ: "ಮೇಸ್ತ್ರಿ, ಗೇರ್‌ಬಾಕ್ಸ್ ಹೋಯ್ತು, ಇಳಿಸಬೇಕು."

ನಾನು ಹೇಳುವ ಮೊದಲ ಮಾತು, ಇಳಿಸಬೇಡಿ. ನನ್ನ ಕೈಗೆ ಬಂದ ಇಂಥ ಲಾರಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಗೇರ್‌ಬಾಕ್ಸಿನ ಒಳಗೆ ಏನೂ ಆಗಿರಲಿಲ್ಲ. ತೊಂದರೆ ಕ್ಲಚ್ಚಿನಲ್ಲಿತ್ತು, ಎಣ್ಣೆಯಲ್ಲಿತ್ತು, ಇಲ್ಲವೇ ಜಜ್ಜಿಹೋದ ಒಂದು ರಬ್ಬರ್ ಮೌಂಟಿಂಗಿನಲ್ಲಿತ್ತು. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ ಜಬಲ್ಪುರದಲ್ಲಿ ತಯಾರಾದ ಶಕ್ತಿಮಾನ್ ಲಾರಿಯ ತಯಾರಿಕೆ 1990ರ ದಶಕದಲ್ಲೇ ನಿಂತಿತು. ಅದಕ್ಕೂ ಹಿಂದಿನ ಎರಡನೇ ಮಹಾಯುದ್ಧ ಕಾಲದ ಜಿಎಂಸಿ, ಡಾಜ್ ಗಾಡಿಗಳ ಮಾತಂತೂ ಕೇಳಲೇಬೇಡಿ. ಬೇರಿಂಗ್, ಸೀಲ್ ಇವತ್ತಿಗೂ ಸಿಗುತ್ತವೆ. ಗೇರು, ಶಾಫ್ಟು ಹುಡುಕಿದರೂ ಸಿಗುವುದು ಕಷ್ಟ. ಸುಮ್ಮನೆ ಬಿಚ್ಚಿದ ಪೆಟ್ಟಿಗೆಯಲ್ಲಿ ಒಂದು ಹಲ್ಲು ಚಿಪ್ಪೆದ್ದರೆ ಆ ಲಾರಿಯ ಕಥೆ ಅಲ್ಲಿಗೆ ಮುಗಿದ ಹಾಗೆ.

ಕೆಲಸ ಕಲಿಯುವ ಕಾಲದಲ್ಲಿ ನಾನೇ ಒಂದು ಶಕ್ತಿಮಾನ್ ಪೆಟ್ಟಿಗೆಯನ್ನು ಎರಡು ದಿನ ಒದ್ದಾಡಿ ಇಳಿಸಿ, ಪೂರ್ತಿ ಬಿಚ್ಚಿ ನೋಡಿದೆ. ಒಳಗೆಲ್ಲ ಹೊಸದರಂತೆ ಹೊಳೆಯುತ್ತಿತ್ತು. ದೋಷ ಇದ್ದದ್ದು ಇಂಜಿನ್ ಹಿಂದಿನ ಭಾರದ ಚಕ್ರವಾದ ಫ್ಲೈವೀಲ್ ನಡುವಿನ ಸ್ಪಿಗಟ್ ಬೇರಿಂಗಿನಲ್ಲಿ, ಅಂದರೆ ಇಂಜಿನ್ನಿನಿಂದ ಪೆಟ್ಟಿಗೆಗೆ ಬರುವ ಇನ್‌ಪುಟ್ ಶಾಫ್ಟಿನ ತುದಿ ಕೂರುವ ಸಣ್ಣ ಬೇರಿಂಗಿನಲ್ಲಿ. ಒಣಗಿ ಹಿಡಿದುಕೊಂಡು ಅದು ಕ್ಲಚ್ ಒತ್ತಿದರೂ ಇನ್‌ಪುಟ್ ಶಾಫ್ಟನ್ನು ಇಂಜಿನ್ ಜೊತೆಗೇ ತಿರುಗಿಸುತ್ತಿತ್ತು. ಅದನ್ನು ಬದಲಿಸಲು ಪೆಟ್ಟಿಗೆ ಇಳಿಸಲೇಬೇಕಿತ್ತು ನಿಜ, ಬಿಚ್ಚಬೇಕಿರಲಿಲ್ಲ. ಮುಂದೆ ಹೇಳುವ ಹತ್ತು ಸೆಕೆಂಡಿನ ಪರೀಕ್ಷೆ ಆವತ್ತು ಗೊತ್ತಿದ್ದಿದ್ದರೆ ಹಳೆಯ ಪ್ಯಾಕಿಂಗುಗಳೂ ಮಾಲೀಕರ ದುಡ್ಡೂ ಉಳಿಯುತ್ತಿದ್ದವು.

ಗಾಡಿಯ ಕೆಳಗೆ ಹೋಗುವ ಮುನ್ನ

ಇದನ್ನು ಹಾರಿಸಿ ಮುಂದೆ ಓದಬೇಡಿ. ಈ ಕಾಲದ ಹಲವು ಸೇನಾ ಲಾರಿಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿ ಇರುವುದಿಲ್ಲ. ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಆ ಶಕ್ತಿಯನ್ನು ಚಕ್ರದ ಕಡೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಸೇರುವ ಜಾಗದಲ್ಲಿ ಒಂದು ಡ್ರಮ್ಮಿನ ಮೇಲೆ ಇರುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕ್ಷಣದಿಂದ ಹ್ಯಾಂಡ್‌ಬ್ರೇಕೂ ಇಲ್ಲ, ಗೇರಿನಲ್ಲಿ ನಿಲ್ಲಿಸಿದ್ದಕ್ಕೂ ಅರ್ಥವಿಲ್ಲ. ಹಿಂದಿನ ಒಂದು ಚಕ್ರವನ್ನು ಜಾಕ್ ಮೇಲೆ ಎತ್ತಿದರೂ ಅಷ್ಟೆ, ಎರಡು ಚಕ್ರ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಮೂಲಕ ಇನ್ನೊಂದು ಚಕ್ರ ಬಿಡುಗಡೆಯಾಗುತ್ತದೆ. ನಮ್ಮ ತೋಟಗಳಲ್ಲಿ ಸಮತಟ್ಟು ಜಾಗವೇ ಕಡಿಮೆ. ಲಾರಿಯನ್ನು ಕಣಕ್ಕೆ ತನ್ನಿ, ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ದಪ್ಪ ಮರದ ಅಡ್ಡಗಟ್ಟೆ ಕೊಡಿ. ಕಲ್ಲು ಬೇಡ, ಅದು ಜಾರುತ್ತದೆ, ಸೀಳುತ್ತದೆ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರನ್ನೂ ಬಿಡಬೇಡಿ. ಇಂಜಿನ್ ಓಡುತ್ತಿರುವಾಗ ಕೆಳಗೆ ಮಲಗಿ ಶಬ್ದ ಕೇಳುವ ಅಭ್ಯಾಸ ಹಲವರಿಗಿದೆ. ತಿರುಗುವ ಶಾಫ್ಟಿಗೆ ಪಂಚೆಯ ತುದಿಯೋ ತಲೆಗೆ ಕಟ್ಟಿದ ಟವೆಲ್ಲೋ ಸಿಕ್ಕಿದರೆ ಕಿರುಚುವಷ್ಟು ಸಮಯವೂ ಇರುವುದಿಲ್ಲ.

ಗೇರ್ ಬೀಳುವುದಿಲ್ಲ, ಹಾಕಿದರೆ ಕರ್ ಎನ್ನುತ್ತದೆ

ಮೊದಲು ಚಾಲಕರನ್ನು ವಿಚಾರಿಸಿ. ಈ ಗಾಡಿಗಳಲ್ಲಿ ಹಲವಕ್ಕೆ ಗೇರ್ ಬೀಳುವ ಮುನ್ನ ಹಲ್ಲುಗಳ ವೇಗ ಸರಿಹೊಂದಿಸುವ ಸಿಂಕ್ರೊನೈಸರ್ ಇಲ್ಲ, ಇದ್ದರೂ ಮೇಲಿನ ಗೇರುಗಳಿಗೆ ಮಾತ್ರ. ಇವತ್ತಿನ ಲಾರಿ ಓಡಿಸಿ ಅಭ್ಯಾಸವಾದ ಹುಡುಗ ಒಂದೇ ಸಲ ಕ್ಲಚ್ ಒತ್ತಿ ಗೇರ್ ಎಳೆದರೆ ಹಲ್ಲು ಉಜ್ಜಿಯೇ ಉಜ್ಜುತ್ತದೆ. ಡಬಲ್ ಕ್ಲಚ್ ಬೇಕು. ಮೇಲಿನ ಗೇರಿಗೆ ಹೋಗುವಾಗ ಕ್ಲಚ್ ಒತ್ತಿ ನ್ಯೂಟ್ರಲ್, ಬಿಟ್ಟು ಮತ್ತೆ ಒತ್ತಿ ಗೇರ್. ಕೆಳಗಿನ ಗೇರಿಗೆ ಬರುವಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಒಳಗಿನ ಶಾಫ್ಟಿನ ವೇಗ ಏರಿಸಿಕೊಂಡು, ಆಮೇಲೆ ಒತ್ತಿ ಗೇರ್. ಎಷ್ಟು ಕೊಡಬೇಕು ಅನ್ನುವುದು ಕಿವಿಯಿಂದ ಬರುತ್ತದೆ, ಒಂದು ವಾರ ಹಿಡಿಯುತ್ತದೆ. ಹಳೆಯ ಚಾಲಕರೊಬ್ಬರನ್ನು ಕೂರಿಸಿಕೊಂಡು ಬೇಲೂರು ರಸ್ತೆಯಂಥ ಸಮ ದಾರಿಯಲ್ಲಿ ಕಲಿಯಿರಿ, ಘಾಟಿಯಲ್ಲಿ ಅಲ್ಲ.

ನಿಂತ ಗಾಡಿಯಲ್ಲೇ ಗೇರ್ ಬೀಳದಿದ್ದರೆ ಈ ಪರೀಕ್ಷೆ ಮಾಡಿ. ಇಂಜಿನ್ ನಿಲ್ಲಿಸಿ, ಒಂದೊಂದೇ ಗೇರ್ ಹಾಕಿ ನೋಡಿ. ಕೆಲವೊಮ್ಮೆ ಹಲ್ಲಿಗೆ ಹಲ್ಲು ಎದುರಾಗಿ ನಿಲ್ಲುತ್ತದೆ. ಕ್ಲಚ್ ಒಮ್ಮೆ ಬಿಟ್ಟು ಒತ್ತಿ ಮತ್ತೆ ನೋಡಿ. ಎಲ್ಲ ಗೇರೂ ಸಲೀಸಾಗಿ ಬಿದ್ದರೆ ಪೆಟ್ಟಿಗೆಯ ಮೇಲಿನ ಅನುಮಾನ ಮುಕ್ಕಾಲು ಪಾಲು ಬಿಡಬಹುದು. ಈಗ ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಿಸಿ, ಕ್ಲಚ್ ಪೂರ್ತಿ ಒತ್ತಿ, ಮನಸ್ಸಿನಲ್ಲೇ ಹತ್ತು ಎಣಿಸಿ, ರಿವರ್ಸ್ ಹಾಕಿ. ಅಷ್ಟರಲ್ಲಿ ಒಳಗಿನ ಶಾಫ್ಟ್ ನಿಂತಿರಬೇಕು. ಆಗಲೂ ಕರ್ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂದರೆ ಪೆಡಲ್ ಒತ್ತಿದರೂ ಪ್ಲೇಟ್ ಇಂಜಿನ್ನಿನಿಂದ ಬೇರೆಯಾಗುತ್ತಿಲ್ಲ, ಇಲ್ಲವೇ ಮೊದಲು ಹೇಳಿದ ಸ್ಪಿಗಟ್ ಬೇರಿಂಗ್ ಹಿಡಿದುಕೊಂಡಿದೆ ಎಂದರ್ಥ.

ಕ್ಲಚ್ ಬಿಡದಿರಲು ಖರ್ಚಿಲ್ಲದ ಕಾರಣ ಪೆಡಲ್ಲಿನ ಆಟ. ಪೆಡಲ್ ಮೇಲಿನಿಂದ ಎಷ್ಟು ದೂರ ಸಡಿಲವಾಗಿ ಹೋಗುತ್ತದೆ ಎಂದು ಅಳೆಯಿರಿ, ಸಾಮಾನ್ಯವಾಗಿ ಒಂದು ಇಂಚಿನ ಆಸುಪಾಸು ಇರುತ್ತದೆ. ಮೂರು ಇಂಚು ಸುಮ್ಮನೆ ಹೋದರೆ ಸವೆದ ಪಿನ್ನು, ಸಡಿಲ ರಾಡು ನೋಡಿ, ರಾಡಿನ ನಟ್ ತಿರುಗಿಸಿ ಸರಿಮಾಡಿ. ಆಟವೇ ಇಲ್ಲದಿದ್ದರೂ ತಪ್ಪು. ಆಗ ಕ್ಲಚ್ ಜಾರುತ್ತದೆ, ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳುವ ರಿಲೀಸ್ ಬೇರಿಂಗ್ ಸದಾ ತಿರುಗುತ್ತಾ ಸುಡುತ್ತದೆ.

ಮಳೆಗಾಲದಲ್ಲಿ ನಿಂತ ಗಾಡಿಯಾದರೆ ಮಲೆನಾಡಿನ ಖಾಸಾ ಕಾಯಿಲೆ ಇನ್ನೊಂದಿದೆ. ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಂಡಿರುತ್ತದೆ. ಪೆಡಲ್ ಸರಿಯಾಗಿ ಒತ್ತುತ್ತದೆ, ಆಟವೂ ಸರಿ ಇರುತ್ತದೆ, ಆದರೆ ಕ್ಲಚ್ ಒಂದಿಷ್ಟೂ ಬಿಡುವುದಿಲ್ಲ. ಪೆಡಲ್ ಪೂರ್ತಿ ಒತ್ತಿ ಸೀಟಿನಿಂದ ಹಲಗೆ ಕೊಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಲಗೆ ತೆಗೆದು, ನ್ಯೂಟ್ರಲ್‌ನಲ್ಲಿ ಇಂಜಿನ್ ಚೆನ್ನಾಗಿ ಬಿಸಿ ಮಾಡಿ ಮತ್ತೆ ನೋಡಿ. ಹಲವು ಸಲ ಅಷ್ಟಕ್ಕೇ ಬಿಟ್ಟುಕೊಳ್ಳುತ್ತದೆ. ಗೇರಿನಲ್ಲಿ ಹಾಕಿ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತುತ್ತಾ ಜಗ್ಗಿಸಿ ಬಿಡಿಸುವವರೂ ಇದ್ದಾರೆ. ಬಯಲುಸೀಮೆಯ ಖಾಲಿ ಮೈದಾನದಲ್ಲಿ ಅದು ನಡೆದೀತು, ಇಳಿಜಾರಿನ ತೋಟದಲ್ಲಿ, ಆಳುಗಳು ಓಡಾಡುವ ಕಣದಲ್ಲಿ ಬೇಡ. ಮುಂದಿನ ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಪೆಡಲ್ಲಿಗೆ ಅದೇ ಹಲಗೆ ಕೊಟ್ಟು ಒತ್ತಿಟ್ಟರೆ ಪ್ಲೇಟ್ ಅಂಟುವುದಿಲ್ಲ.

ಇಂಜಿನ್ ನಿಲ್ಲಿಸಿದಾಗಲೂ ಗೇರ್ ಬೀಳದಿದ್ದರೆ ಲೀವರಿನ ಬುಡ ನೋಡಿ. ಅಲ್ಲಿನ ಬಾಲ್, ಸ್ಪ್ರಿಂಗ್ ಸವೆದಿರುತ್ತದೆ, ಇಲ್ಲವೇ ಹೊಸದಾಗಿ ಹಾಕಿದ ನೆಲದ ತಗಡು ಲೀವರಿಗೆ ಅಡ್ಡ ಬರುತ್ತಿರುತ್ತದೆ. ಅದೂ ಅಲ್ಲದಿದ್ದರೆ ಪೆಟ್ಟಿಗೆಯ ಮೇಲಿನ ಮುಚ್ಚಳ ತೆಗೆದು, ಗೇರುಗಳನ್ನು ಸರಿಸುವ ಕವೆಗಳಾದ ಫೋರ್ಕುಗಳನ್ನು ನೋಡುವ ಸರದಿ.

ಗುರುಗುಟ್ಟುವ ಶಬ್ದ

ಶಬ್ದ ಯಾವಾಗ ಬರುತ್ತದೆ ಅನ್ನುವುದಕ್ಕಿಂತ ಯಾವಾಗ ನಿಲ್ಲುತ್ತದೆ ಅನ್ನುವುದು ಹೆಚ್ಚು ಹೇಳುತ್ತದೆ.

ಗಾಡಿ ನಿಂತಿದೆ, ನ್ಯೂಟ್ರಲ್, ಕ್ಲಚ್ ಮೇಲಿದೆ. ಈಗ ಪೆಟ್ಟಿಗೆಯೊಳಗೆ ತಿರುಗುತ್ತಿರುವುದು ಇನ್‌ಪುಟ್ ಶಾಫ್ಟ್, ಕೆಳಗಿನ ಕೌಂಟರ್ ಶಾಫ್ಟ್, ಅವಕ್ಕೆ ಕಚ್ಚಿಕೊಂಡ ಗೇರುಗಳು. ಚಕ್ರದ ಕಡೆ ಹೋಗುವ ಮೇನ್ ಶಾಫ್ಟ್ ನಿಂತಿದೆ. ಶಬ್ದ ಇದೆ, ಕ್ಲಚ್ ಒತ್ತಿದಾಗ ನಿಲ್ಲುತ್ತದೆ ಎಂದರೆ ಇನ್‌ಪುಟ್ ಶಾಫ್ಟಿನ ಅಥವಾ ಕೌಂಟರ್ ಶಾಫ್ಟಿನ ಬೇರಿಂಗ್ ಸವೆದಿದೆ. ಅದಕ್ಕೂ ಮೊದಲು ಎಣ್ಣೆ ಇದೆಯೇ ನೋಡಿ. ಎಣ್ಣೆ ಕಡಿಮೆಯಾದ ಪೆಟ್ಟಿಗೆಯೂ ಹೀಗೇ ಗುರುಗುಟ್ಟುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ಕ್ಲಚ್ಚಿನ ಮೇಲೆ ಕಾಲಿಟ್ಟು ಸ್ವಲ್ಪ ಒತ್ತಿದ ಕೂಡಲೆ ಶಬ್ದ ಶುರುವಾದರೆ ಅದು ರಿಲೀಸ್ ಬೇರಿಂಗ್. ಗೇರಿನಲ್ಲಿದ್ದು, ಕ್ಲಚ್ ಪೂರ್ತಿ ಒತ್ತಿ ನಿಂತಾಗ ಕಿರ್ರೆಂದು ಸಣ್ಣಗೆ ಕೂಗಿದರೆ ಸ್ಪಿಗಟ್ ಬೇರಿಂಗ್ ಇರಬಹುದು. ಆ ಹೊತ್ತಿನಲ್ಲಿ ಇಂಜಿನ್ ತಿರುಗುತ್ತಿರುತ್ತದೆ, ಇನ್‌ಪುಟ್ ಶಾಫ್ಟ್ ನಿಂತಿರುತ್ತದೆ, ಇವೆರಡರ ನಡುವೆ ಇರುವುದು ಆ ಸಣ್ಣ ಬೇರಿಂಗ್ ಒಂದೇ.

ಓಡುವಾಗ ಒಂದೇ ಗೇರಿನಲ್ಲಿ ಶಬ್ದ ಬಂದರೆ ಆ ಗೇರಿನದೇ ಹಲ್ಲು, ಆ ಗೇರಿನದೇ ಬುಷ್. ಡೈರೆಕ್ಟ್ ಗೇರ್, ಅಂದರೆ ಇನ್‌ಪುಟ್ ಶಾಫ್ಟ್ ನೇರವಾಗಿ ಮೇನ್ ಶಾಫ್ಟಿಗೆ ಸೇರುವ ಗೇರ್ ಬಿಟ್ಟು ಉಳಿದೆಲ್ಲದರಲ್ಲಿ ಬಂದರೆ ಕೌಂಟರ್ ಶಾಫ್ಟ್, ಏಕೆಂದರೆ ಡೈರೆಕ್ಟಿನಲ್ಲಿ ಮಾತ್ರ ಭಾರ ಅದರ ಮೇಲೆ ಬೀಳುವುದಿಲ್ಲ. ಡೈರೆಕ್ಟ್ ಅಂದರೆ ಕೊನೆಯ ಗೇರ್ ಎಂದೇ ತಿಳಿಯಬೇಡಿ. ಯುದ್ಧಕಾಲದ ಜಿಎಂಸಿ ಎರಡೂವರೆ ಟನ್ ಲಾರಿಯಲ್ಲಿ ನಾಲ್ಕನೆಯದು ಡೈರೆಕ್ಟ್, ಐದನೆಯದು ಓವರ್‌ಡ್ರೈವ್. ಗೇರುಗಳ ವಿವರವಿರುವ ಡ್ಯಾಶ್‌ಬೋರ್ಡಿನ ತಗಡು ಉಳಿದಿದ್ದರೆ ಒರೆಸಿ ಓದಿ.

ಎಲ್ಲ ಗೇರಿನಲ್ಲೂ ಒಂದೇ ಸಮ ಬರುವ, ರಸ್ತೆಯ ವೇಗದ ಜೊತೆ ಏರುವ ಇಳಿಯುವ ಶಬ್ದ ಬಹುಮಟ್ಟಿಗೆ ಪೆಟ್ಟಿಗೆಯ ಆಚೆಯದು, ಅಂದರೆ ಟ್ರಾನ್ಸ್‌ಫರ್ ಕೇಸ್, ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲಾದ ಕ್ರಾಸ್, ಇಲ್ಲವೇ ಆಕ್ಸಲ್ಲಿನ ಡಿಫರೆನ್ಶಿಯಲ್ ಹೌಸಿಂಗ್. ಎಳೆಯುವಾಗ, ಬಿಡುವಾಗ ಟಕ್ ಎಂದು ಹೊಡೆದರೆ ಕ್ರಾಸ್ ಸವೆದಿದೆ ಅಥವಾ ಶಾಫ್ಟ್ ಜೋಡಿಸುವ ಫ್ಲ್ಯಾಂಜಿನ ನಟ್ ಸಡಿಲ. ಅಡ್ಡಗಟ್ಟೆ ಕೊಟ್ಟು, ಇಂಜಿನ್ ನಿಲ್ಲಿಸಿ, ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗೊತ್ತಾಗಿಬಿಡುತ್ತದೆ. ಗ್ರೀಸ್ ಹೊಡೆಯದೆ ಒಂದು ಮಳೆಗಾಲ ಕೆಸರಿನಲ್ಲಿ ಓಡಿದ ಕ್ರಾಸ್ ಎರಡನೇ ಮಳೆಗಾಲ ನೋಡುವುದಿಲ್ಲ.

ಇಳಿಜಾರಿನಲ್ಲಿ ಗೇರ್ ತಾನಾಗಿ ಬಿಟ್ಟುಕೊಳ್ಳುತ್ತದೆ

ಇದೊಂದಕ್ಕೆ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಗಾಡಿ ನಿಲ್ಲಿಸಲೇಬೇಕು. ಶಿರಾಡಿ ಅಥವಾ ಚಾರ್ಮಾಡಿಯಲ್ಲಿ ಲೋಡ್ ಹೊತ್ತು ಇಳಿಯುವಾಗ ಗಾಡಿಯನ್ನು ಹಿಡಿದಿರುವುದು ಮುಖ್ಯವಾಗಿ ಇಂಜಿನ್. ಗೇರ್ ಹಾರಿ ನ್ಯೂಟ್ರಲ್‌ಗೆ ಬಂದರೆ ಎಲ್ಲ ಭಾರ ಬ್ರೇಕಿಗೆ ಬೀಳುತ್ತದೆ, ಎರಡು ತಿರುವಿನಲ್ಲಿ ಲೈನಿಂಗ್ ಕಾದು ಹಿಡಿತ ತಪ್ಪುತ್ತದೆ. ಏರಿದ ವೇಗದಲ್ಲಿ ಸಿಂಕ್ರೊ ಇಲ್ಲದ ಪೆಟ್ಟಿಗೆಗೆ ಕೆಳಗಿನ ಗೇರ್ ಮತ್ತೆ ಹಾಕುವುದು ಪಳಗಿದ ಚಾಲಕನಿಗೂ ಆಗುವುದಿಲ್ಲ. ಹಾಗಾದ ಕ್ಷಣವೇ ಬ್ರೇಕ್ ಇನ್ನೂ ತಣ್ಣಗಿರುವಾಗ ಗಟ್ಟಿಯಾಗಿ ಒತ್ತಿ ಒಳಬದಿಯ ದಿಬ್ಬದ ಕಡೆ ನಿಲ್ಲಿಸಿ. ಡೀಸೆಲ್ ಉಳಿಸಲು ಬೇಕೆಂದೇ ನ್ಯೂಟ್ರಲ್ ಹಾಕಿ ಘಾಟಿ ಇಳಿಸುವವರಿಗೂ ಇದೇ ಮಾತು.

ಗೇರ್ ಬಿಡದಂತೆ ಲೀವರಿಗೆ ಹಳೆಯ ಟ್ಯೂಬಿನ ಪಟ್ಟಿ ಕಟ್ಟಿ ಸೀಟಿಗೆ ಬಿಗಿದ ಗಾಡಿಗಳನ್ನು ನೋಡಿದ್ದೇನೆ. ಕ್ಲೀನರ್ ಹುಡುಗ ಕೈಯಲ್ಲೇ ಲೀವರ್ ಹಿಡಿದು ಕೂತಿರುವುದನ್ನೂ ನೋಡಿದ್ದೇನೆ. ಆ ಒತ್ತಡವೆಲ್ಲ ಒಳಗಿನ ಫೋರ್ಕಿನ ಮೇಲೆ ಬೀಳುತ್ತದೆ. ಫೋರ್ಕ್ ತಾನು ಸರಿಸುವ ಉಂಗುರದಂಥ ಸ್ಲೀವಿಗೆ ಉಜ್ಜಿ ಸವೆಯುತ್ತದೆ, ಪುಡಿ ಎಣ್ಣೆಗೆ ಬಿದ್ದು ಬೇರಿಂಗಿಗೆ ಹೋಗುತ್ತದೆ. ಐನೂರು ರೂಪಾಯಿಯಲ್ಲಿ ಮುಗಿಯುತ್ತಿದ್ದ ಕೆಲಸ ಪೆಟ್ಟಿಗೆಯನ್ನೇ ತಿನ್ನುತ್ತದೆ.

ಹುಡುಕುವ ಕ್ರಮ ಹೀಗೆ. ಲೀವರ್ ಗೇರಿನಲ್ಲಿದ್ದಾಗ ನೆಲದ ತಗಡಿಗೋ ಸೀಟಿಗೋ ತಾಗಿ ಪೂರ್ತಿ ಹೋಗದೆ ನಿಲ್ಲುತ್ತಿದೆಯೇ? ರಬ್ಬರ್ ಮೌಂಟಿಂಗ್ ಜಜ್ಜಿ ಪೆಟ್ಟಿಗೆ ಒಂದು ಕಡೆ ಕೂತಿದೆಯೇ? ಕ್ಲಚ್ ಹೌಸಿಂಗಿನ ಬೋಲ್ಟುಗಳು ಬಿಗಿಯಾಗಿವೆಯೇ? ಹೌಸಿಂಗ್ ಸ್ವಲ್ಪ ವಾಲಿದರೂ ಶಾಫ್ಟುಗಳು ಒಂದೇ ಗೆರೆಯಲ್ಲಿ ಇರುವುದಿಲ್ಲ, ಪ್ರತಿ ಸುತ್ತಿಗೂ ಸ್ಲೀವನ್ನು ಸ್ವಲ್ಪ ಸ್ವಲ್ಪವೇ ಹೊರದೂಡುತ್ತವೆ. ಇವಿಷ್ಟೂ ಸರಿಯಿದ್ದರೆ ಮೇಲಿನ ಮುಚ್ಚಳ ತೆಗೆಯಿರಿ, ಪೆಟ್ಟಿಗೆ ಗಾಡಿಯಲ್ಲೇ ಇರಲಿ. ಫೋರ್ಕ್ ಶಾಫ್ಟುಗಳನ್ನು ಹಿಡಿಯುವ ಬಾಲು, ಸ್ಪ್ರಿಂಗು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಮುರಿದ ಅಥವಾ ಕುಗ್ಗಿದ ಸ್ಪ್ರಿಂಗ್ ಸಿಕ್ಕರೆ ಸಂತೋಷಪಡಿ, ಅಗ್ಗದಲ್ಲಿ ಮುಗಿಯಿತು. ಮುಚ್ಚಳ ಎತ್ತುವಾಗ ಬಾಲುಗಳು ಸಿಡಿಯುತ್ತವೆ, ಬಟ್ಟೆ ಹಾಸಿಕೊಳ್ಳಿ. ಒಂದು ಬಾಲು ಪೆಟ್ಟಿಗೆಯೊಳಗೆ ಬಿದ್ದರೆ ಅದು ಸಿಗುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ. ಸ್ಪ್ರಿಂಗೂ ಸರಿಯಿದ್ದು, ಸ್ಲೀವ್ ಗೇರಿಗೆ ಕಚ್ಚುವ ಡಾಗ್ ಹಲ್ಲುಗಳ ಅಂಚು ದುಂಡಗಾಗಿದ್ದರೆ, ಇಲ್ಲವೇ ಮೇನ್ ಶಾಫ್ಟ್ ಹಿಂದೆ ಮುಂದೆ ಆಡುತ್ತಿದ್ದರೆ, ಅದು ಪೆಟ್ಟಿಗೆ ಇಳಿಸುವ ಕೆಲಸ.

ಎಣ್ಣೆ ಹೇಳುವ ಮಾತು

ಎಣ್ಣೆ ನೋಡಲು ಖರ್ಚಿಲ್ಲ, ಆದರೂ ಎಲ್ಲರೂ ಕೊನೆಗೆ ನೋಡುತ್ತಾರೆ. ಗಾಡಿ ಸಮ ನೆಲದಲ್ಲಿ ತಣ್ಣಗೆ ನಿಂತಿರುವಾಗ ಪಕ್ಕದ ಫಿಲ್ಲರ್ ಪ್ಲಗ್ ತೆಗೆದು ಬೆರಳು ಹಾಕಿ. ಎಣ್ಣೆ ತೂತಿನ ಅಂಚಿಗೆ ಇರಬೇಕು. ಹೆಚ್ಚು ತುಂಬಿದರೆ ಒಳ್ಳೆಯದಲ್ಲ, ಬಿಸಿಯಾಗಿ ನೊರೆಯೆದ್ದು ಮುಂದಿನ ಸೀಲಿನಿಂದ ಕ್ಲಚ್ಚಿಗೆ ಇಳಿಯುತ್ತದೆ.

ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ನಮ್ಮ ಕಡೆ ಗೇರ್‌ಬಾಕ್ಸನ್ನು ಕೊಲ್ಲುವುದು ಲೋಡಿಗಿಂತ ಹೆಚ್ಚಾಗಿ ಇದೇ. ಪೆಟ್ಟಿಗೆಯ ಮೇಲೆ ಬ್ರೀದರ್ ಎಂಬ ಸಣ್ಣ ಉಸಿರುಗೊಳವೆ ಇರುತ್ತದೆ. ಅದು ಕೆಸರು ತುಂಬಿ ಮುಚ್ಚಿಹೋಗಿರುತ್ತದೆ. ಮರದ ದಿಮ್ಮಿ ಹೇರಿ ಏರು ಹತ್ತಿ ಕಾದ ಪೆಟ್ಟಿಗೆಯನ್ನು ಹಳ್ಳಕ್ಕೆ ಇಳಿಸಿದ ಕೂಡಲೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಬ್ರೀದರಿನಿಂದ ಗಾಳಿ ಬರಲು ದಾರಿಯಿಲ್ಲ, ಹಾಗಾಗಿ ಸೀಲಿನ ಅಂಚಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಹಳ್ಳ ದಾಟುವ ಮೊದಲು ಹತ್ತು ನಿಮಿಷ ನಿಲ್ಲಿಸಿ ತಣಿಸಿ. ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಊದಿ ಹಾಕಿ. ನಾನು ಪ್ರತಿ ಮೇ ತಿಂಗಳಲ್ಲಿ ಮಾಡಿಸುವ ಮೊದಲ ಕೆಲಸ ಇದು.

ಅನುಮಾನವಿದ್ದರೆ ಸ್ವಲ್ಪ ಎಣ್ಣೆಯನ್ನು ಗಾಜಿನ ಬಾಟಲಿಗೆ ಹಿಡಿದು ರಾತ್ರಿಯಿಡೀ ಇಡಿ, ನೀರಿದ್ದರೆ ತಳಕ್ಕೆ ಇಳಿಯಬಹುದು. ಇಳಿಯದೆ ಹಾಲಿನಂತೆಯೇ ಉಳಿದರೂ ನೀರೇ. ಅಂಥ ಎಣ್ಣೆಯಲ್ಲಿ ಇನ್ನೊಂದು ಟ್ರಿಪ್ ಬೇಡ. ಬಿಸಿ ಇರುವಾಗಲೇ ಹೊರಹಾಕಿ, ಅಗ್ಗದ ಎಣ್ಣೆ ತುಂಬಿ, ನ್ಯೂಟ್ರಲ್‌ನಲ್ಲಿ ಐದು ನಿಮಿಷ ಓಡಿಸಿ, ಅದನ್ನೂ ತೆಗೆದು ಸರಿಯಾದ ಎಣ್ಣೆ ಹಾಕಿ. ಡೀಸೆಲ್ ತುಂಬಿ ಓಡಿಸುವ ಪದ್ಧತಿ ಬೇಡ, ಬೇರಿಂಗ್ ಒಣಗುತ್ತದೆ. ಬಿಸಿ ಎಣ್ಣೆ ಕೈ ಸುಡುತ್ತದೆ, ಪ್ಲಗ್ಗಿನ ನೇರ ಕೆಳಗೆ ಮುಖ ಇಡಬೇಡಿ.

ತೆಗೆದ ಎಣ್ಣೆಯ ತಳ ನೋಡಿ. ಡ್ರೈನ್ ಪ್ಲಗ್ಗಿನ ಆಯಸ್ಕಾಂತದ ಮೇಲೆ ಬೂದು ಬಣ್ಣದ ಮೆತ್ತನೆಯ ಲೇಪ ಇದ್ದರೆ ಅದು ಸಹಜ ಸವೆತ. ಬಿಸಿಲಿಗೆ ಹಿಡಿದಾಗ ಹಿತ್ತಾಳೆಯ ಮಿನುಗು ಕಂಡರೆ ಬುಷ್ ಅಥವಾ ಸಿಂಕ್ರೊ ರಿಂಗ್ ಹೋಗುತ್ತಿದೆ. ಉಗುರಿನಷ್ಟು ಉಕ್ಕಿನ ಚಕ್ಕೆಯೋ ಹಲ್ಲಿನ ತುಂಡೋ ಸಿಕ್ಕರೆ ಅಲ್ಲಿಗೆ ನಿಲ್ಲಿಸಿ, ಮನೆತನಕವೂ ಓಡಿಸಬೇಡಿ.

ಹೊಸ ಎಣ್ಣೆಯ ವಿಷಯ. ಅಂಗಡಿಯಲ್ಲಿ ಕೇಳಿದರೆ ಡಿಫರೆನ್ಶಿಯಲ್ ಹೌಸಿಂಗಿಗೆ ಹಾಕುವ ಜಿಎಲ್-5 ದರ್ಜೆಯ ಎಣ್ಣೆಯನ್ನೇ ಕೊಡುತ್ತಾರೆ. ಅದರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಕಂಚು, ಹಿತ್ತಾಳೆಯ ಬುಷ್ ಇರುವ ಹಳೆಯ ಪೆಟ್ಟಿಗೆಗೆ ಕೆಲವು ಜಿಎಲ್-5 ಎಣ್ಣೆಗಳು ಒಗ್ಗುವುದಿಲ್ಲ. ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಹಾಕಿ, ಕೈಪಿಡಿ ಇಲ್ಲದಿದ್ದರೆ ಜಿಎಲ್-4 ಕೇಳಿ ತನ್ನಿ.

ಕ್ಲಚ್ ಹೌಸಿಂಗಿನ ಕೆಳಗಿನ ತೂತಿನಿಂದ ತೊಟ್ಟಿಕ್ಕುತ್ತಿದ್ದರೆ ಬೆರಳಲ್ಲಿ ಮುಟ್ಟಿ ಮೂಸಿ. ತೆಳ್ಳಗೆ ಕಪ್ಪಗಿದ್ದರೆ ಇಂಜಿನ್ನಿನ ಹಿಂದಿನ ಸೀಲ್. ದಪ್ಪಗಿದ್ದು ಗಂಧಕದ ಘಾಟು ಬಂದರೆ ಗೇರ್‌ಬಾಕ್ಸಿನ ಮುಂದಿನ ಸೀಲ್. ಕೆಲವು ಸೇನಾ ಗಾಡಿಗಳಲ್ಲಿ ನೀರು ದಾಟುವಾಗ ಆ ತೂತಿಗೆ ಹಾಕಲೆಂದೇ ಒಂದು ಪ್ಲಗ್ ಇರುತ್ತದೆ. ದಾಟಿದ ಮೇಲೆ ತೆಗೆಯಬೇಕು. ಅದನ್ನು ಕಾಯಂ ಹಾಕಿಟ್ಟರೆ ಸೋರಿದ ಎಣ್ಣೆ ಒಳಗೇ ನಿಂತು ಕ್ಲಚ್ ಪ್ಲೇಟ್ ನೆನೆಯುತ್ತದೆ. ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಅದನ್ನೂ ಗೇರ್‌ಬಾಕ್ಸ್ ದೋಷ ಎಂದೇ ಹೇಳಿಕೊಂಡು ಬರುತ್ತಾರೆ.

ಟಾರು ರಸ್ತೆಗೆ ಬಂದರೆ ಗಾಡಿ ಹಿಡಿದುಕೊಳ್ಳುತ್ತದೆ

ಕೊಟ್ಟಿಗೆಹಾರದ ಕೆಸರಿನಲ್ಲಿ ಚೆನ್ನಾಗಿ ಬಂದ ಲಾರಿ ಟಾರಿಗೆ ಏರಿ ನೂರು ಗಜ ಹೋಗುವಷ್ಟರಲ್ಲಿ ಭಾರವಾಗುತ್ತದೆ, ಸ್ಟಿಯರಿಂಗ್ ತಿರುಗುವುದಿಲ್ಲ, ಟ್ರಾನ್ಸ್‌ಫರ್ ಲೀವರ್ ಕಲ್ಲಿನಂತೆ ಕೂತಿರುತ್ತದೆ. ಮುಂದಿನ ಚಕ್ರದ ಡ್ರೈವ್ ಇನ್ನೂ ಹಾಕಿಯೇ ಇದೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಸುತ್ತಬೇಕು. ಕೆಸರಿನಲ್ಲಿ ಜಾರಿ ಸರಿದೂಗಿಸಿಕೊಳ್ಳುತ್ತದೆ, ಟಾರಿನಲ್ಲಿ ಆಗುವುದಿಲ್ಲ, ಶಾಫ್ಟುಗಳು ಹಗ್ಗ ಹೊಸೆದಂತೆ ತಿರುಚಿಕೊಳ್ಳುತ್ತವೆ. ಲೀವರಿಗೆ ಸುತ್ತಿಗೆ ಹೊಡೆಯಬೇಡಿ. ಹಿಂದೆ ನೋಡಿಕೊಂಡು ನೇರವಾಗಿ ಹತ್ತು ಹದಿನೈದು ಅಡಿ ರಿವರ್ಸ್ ತೆಗೆದುಕೊಳ್ಳಿ, ಲೀವರ್ ಸಡಿಲವಾಗುತ್ತದೆ. ಪದೇಪದೇ ಆಗುತ್ತಿದ್ದರೆ ಟಯರ್ ಅಳೆಯಿರಿ. ಮುಂದೆ ಹೊಸದು, ಹಿಂದೆ ಬೋಳು ಹಾಕಿದ್ದರೂ ಇದೇ ತೊಂದರೆ.

ಎಲ್ಲವೂ ಬಿಗಿದುಹೋಗಿದೆ

ಗಾಡಿ ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ, ಲೀವರ್ ನ್ಯೂಟ್ರಲ್‌ನಲ್ಲಿ ಆಡುತ್ತದೆ, ಆದರೆ ಕ್ಲಚ್ ಬಿಟ್ಟರೆ ಇಂಜಿನ್ ನಿಲ್ಲುತ್ತದೆ. ಎರಡು ಗೇರ್ ಒಟ್ಟಿಗೆ ಬಿದ್ದಿವೆ. ಇನ್ನೊಂದು ಲಾರಿ ಕಟ್ಟಿ ಎಳೆಯಬೇಡಿ, ಹಲ್ಲು ಉದುರುತ್ತದೆ. ಮುಚ್ಚಳ ತೆಗೆದು ಸ್ಲೀವುಗಳನ್ನು ನಡುವಿಗೆ ತಂದರೆ ಬಿಡುತ್ತದೆ. ಆದರೆ ಎರಡು ಗೇರ್ ಒಟ್ಟಿಗೆ ಬೀಳದಂತೆ ತಡೆಯುವ ಪಿನ್ ಸವೆದಿದೆ ಎಂದರ್ಥ, ಅದನ್ನು ಬದಲಿಸದೆ ರಸ್ತೆಗೆ ತರಬೇಡಿ.

ಕೆಟ್ಟ ಗಾಡಿಯನ್ನು ಹಾಸನದ ತನಕ ಎಳೆದು ತರುವುದಾದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಡಿ. ಇಂಜಿನ್ ನಿಂತಿದ್ದು ಚಕ್ರ ತಿರುಗಿದರೆ ಮೇನ್ ಶಾಫ್ಟ್ ಮಾತ್ರ ತಿರುಗುತ್ತದೆ. ಎಣ್ಣೆಯನ್ನು ಮೇಲಕ್ಕೆ ಎರಚುವ ಕೌಂಟರ್ ಶಾಫ್ಟ್ ನಿಂತಿರುತ್ತದೆ. ನಲವತ್ತು ಕಿಲೋಮೀಟರಿನಲ್ಲಿ ಬುಷ್‌ಗಳು ಸುಟ್ಟಿರುತ್ತವೆ.

ಇಳಿಸಲೇಬೇಕಾದಾಗ

ಇದು ಒಬ್ಬರ ಕೆಲಸವಲ್ಲ. ಪೆಟ್ಟಿಗೆ ಬಲು ಭಾರ. ಎದೆಯ ಮೇಲೆ ಇಳಿಸಿಕೊಂಡವರ ಪಕ್ಕೆಲುಬು ಮುರಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಚೇನ್ ಬ್ಲಾಕ್ ಅಥವಾ ಗೇರ್‌ಬಾಕ್ಸ್ ಜಾಕ್ ಇಲ್ಲದಿದ್ದರೆ ವರ್ಕ್‌ಶಾಪಿಗೆ ಕೊಡಿ. ಹಿಂದಕ್ಕೆ ಎಳೆಯುವಾಗ ಇನ್‌ಪುಟ್ ಶಾಫ್ಟ್ ಪೂರ್ತಿ ಹೊರಬರುವ ತನಕ ಪೆಟ್ಟಿಗೆಯ ಭಾರ ಕ್ಲಚ್ ಪ್ಲೇಟಿನ ಮೇಲೆ ಜೋತು ಬೀಳಬಾರದು, ಪ್ಲೇಟ್ ಬಾಗುತ್ತದೆ. ಶಕ್ತಿಮಾನ್ ಬೋಲ್ಟುಗಳು ಮಿಲಿಮೀಟರ್ ಅಳತೆ, ಅಮೆರಿಕದ ಗಾಡಿಗಳದು ಇಂಚು. ಸುಮಾರಾಗಿ ಕೂರುವ ಸ್ಪ್ಯಾನರ್ ಹಾಕಿ ತಲೆ ದುಂಡಗೆ ಮಾಡಬೇಡಿ. ಬಿಚ್ಚುವ ಮೊದಲು ಫ್ಲ್ಯಾಂಜುಗಳಿಗೆ ಗುರುತು ಹಾಕಿ. ಸಂದು ತುಂಬುವ ತೆಳು ತಗಡುಗಳಾದ ಶಿಮ್‌ಗಳನ್ನು ಬಂದ ಕ್ರಮದಲ್ಲೇ ತಂತಿಗೆ ಪೋಣಿಸಿಡಿ.

ಬೇರಿಂಗಿನ ಅಂಚಿನ ಮೇಲೆ ನಂಬರ್ ಕೆತ್ತಿರುತ್ತದೆ, ಹಾಸನದಲ್ಲೋ ಮಂಗಳೂರಿನಲ್ಲೋ ಬೇರಿಂಗ್ ಅಂಗಡಿಗೆ ಆ ನಂಬರ್ ಕೊಟ್ಟರೆ ಸಾಕು, ಲಾರಿಯ ಹೆಸರು ಹೇಳಬೇಕಿಲ್ಲ. ಸೀಲಿಗೆ ಒಳ ಅಳತೆ, ಹೊರ ಅಳತೆ, ದಪ್ಪ, ಈ ಮೂರು ಸಂಖ್ಯೆ. ಸ್ಪಿಗಟ್ ಜಾಗದಲ್ಲಿ ಬೇರಿಂಗ್ ಬದಲು ಬುಷ್ ಇರುವ ಗಾಡಿಯಾದರೆ ಅದನ್ನು ಲೇತಿನಲ್ಲಿ ಗನ್‌ಮೆಟಲ್ ಎಂಬ ಕಂಚಿನಿಂದ ಮಾಡಿಸಬಹುದು. ಹೇಗೂ ಪೆಟ್ಟಿಗೆ ಕೆಳಗಿದೆ, ಅದನ್ನೂ ರಿಲೀಸ್ ಬೇರಿಂಗನ್ನೂ ಈಗಲೇ ಬದಲಿಸಿಬಿಡಿ.

ಮತ್ತೆ ಕೂರಿಸಿದ ಮೇಲೆ ಎಣ್ಣೆ ಹಾಕಿದ್ದನ್ನು ಇಬ್ಬರು ಬೇರೆಬೇರೆಯಾಗಿ ಬೆರಳು ಹಾಕಿ ನೋಡಿ. ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ಓಡಿಸಿ ಸೋರಿಕೆ ನೋಡಿ. ಲೋಡಿಲ್ಲದೆ ಐವತ್ತು ಕಿಲೋಮೀಟರ್ ಓಡಿಸಿ ಬಂದು, ಮೌಂಟಿಂಗ್ ಮತ್ತು ಫ್ಲ್ಯಾಂಜ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ. ಶುದ್ಧ ಡಬ್ಬಿಗೆ ಎಣ್ಣೆ ಇಳಿಸಿಕೊಂಡು ಆಯಸ್ಕಾಂತವನ್ನು ಬೆಳಕಿಗೆ ಹಿಡಿದು ನೋಡಿ. ಅದರ ಮೇಲೆ ಚಕ್ಕೆಯಿಲ್ಲದೆ ಬರೀ ಬೂದು ಲೇಪ ಇದ್ದರೆ ಮಾರನೇ ದಿನ ಲೋಡ್ ಹಾಕಬಹುದು.